ಮೇಲೆ ಊರು, 32 ಮೀಟರಿನಲ್ಲಿ ಹಳೇ ಗ್ಯಾಲರಿ, 140 ಮೀಟರಿನಲ್ಲಿ ಹೊಸ ಪ್ಯಾನೆಲ್: ನೆಲ ಕೂರುವುದನ್ನು ಹಿಡಿತದಲ್ಲಿಡುವುದು ಹೇಗೆ?

ಗಣಿಯಂಚು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಒಂದು ವಿನ್ಯಾಸದ ಬಗ್ಗೆ ತಿಳಿದವರ ಅಭಿಪ್ರಾಯ ಬೇಕಾಗಿದೆ. ವಿವರ ಹೀಗಿದೆ.

ಕಲ್ಲಿದ್ದಲಿನ ಎರಡು ಸೀಮ್ (ಪದರ) ಇವೆ. ಮೇಲಿನದು 32 ಮೀ. ಆಳದಲ್ಲಿದೆ, ಗ್ಯಾಲರಿಯ (ಕಲ್ಲಿದ್ದಲು ತೆಗೆದ ಸುರಂಗದ) ಎತ್ತರ 2.8 ಮೀ. ಬಹಳ ಹಿಂದೆ ಬೋರ್ಡ್ ಅಂಡ್ ಪಿಲ್ಲರ್ ವಿಧಾನದಲ್ಲಿ (ನಡುವೆ ಕಲ್ಲಿದ್ದಲಿನ ಕಂಬಗಳನ್ನು ಉಳಿಸಿ) ತೆಗೆದು ಬಿಟ್ಟದ್ದು. ನಕ್ಷೆ ಇದೆ, ಆದರೆ ನಂಬುವಂತಿಲ್ಲ. ಕೆಳಗಿನದು 140 ಮೀ. ಆಳ, 2.4 ಮೀ. ದಪ್ಪ, ಹೆಚ್ಚುಕಡಿಮೆ ಸಮತಟ್ಟು, ಇನ್ನೂ ಮುಟ್ಟಿಲ್ಲ. ನಡುವೆ ಮರಳುಗಲ್ಲು ಮತ್ತು ಶೇಲ್ ಪದರಗಳು. ಮೇಲ್ಮೈಯಲ್ಲಿ ಸುಮಾರು 8 ಮೀ. ಜೇಡಿ ಬೆರೆತ ಮಣ್ಣು. ಅದರ ಮೇಲೆ ಇಟ್ಟಿಗೆ ಮನೆಗಳು, ಒಂದು ರಸ್ತೆ, ಬಿಗಿ ಜೋಡಣೆಯ ಎರಕದ ಕಬ್ಬಿಣದ ನೀರಿನ ಪೈಪು, ಒಂದು ಕೆರೆ.

ಕೆಳಗಿನ ಸೀಮನ್ನು ಕೇವಿಂಗ್ ಮಾಡಿ (ಪೂರ್ತಿ ತೆಗೆಯುತ್ತಾ, ಹಿಂದೆ ಚಾವಣಿಯನ್ನು ಬೀಳಲು ಬಿಟ್ಟು) ತೆಗೆಯಬೇಕೆಂಬುದು ಮೊದಲ ಪ್ರಸ್ತಾವ. ನನ್ನ ಪ್ರಶ್ನೆಗಳು: ಮರಳು ತುಂಬುವುದು ಒಳ್ಳೆಯದೋ, ಪಟ್ಟಿ ಪಟ್ಟಿಯಾಗಿ ಅರ್ಧ ತೆಗೆದು ಅರ್ಧ ಬಿಡುವುದು ಒಳ್ಳೆಯದೋ? ಹಳೇ ಗ್ಯಾಲರಿಗಳನ್ನು ಮೊದಲೇ ತುಂಬಬೇಕೇ, ಅಥವಾ ಕೆಳಗಿನ ಕೆಲಸ ಮುಗಿದ ಮೇಲೆ ಸಾಕೇ? ಮನೆಗಳಿಗೆ ಎಷ್ಟು ಚಲನೆ ಬಂದರೆ ತಡೆದೀತು?

---

ಕರಿಪದರ

ಇವು ಒಂದೇ ಸಮಸ್ಯೆ ಅಲ್ಲ ಸರ್, ಎರಡು. 140 ಮೀಟರಿನಲ್ಲಿ ತೆಗೆದರೆ ನೆಲ ಬಟ್ಟಲಿನ ಹಾಗೆ ನಿಧಾನವಾಗಿ ಕೂರುತ್ತದೆ, ಅದನ್ನು ಮೊದಲೇ ಲೆಕ್ಕ ಹಾಕಬಹುದು. 32 ಮೀಟರಿನ ಹಳೇ ಗ್ಯಾಲರಿ ಹಾಗಲ್ಲ. ಅಲ್ಲಿ ಚಾವಣಿ ಪದರ ಪದರವಾಗಿ ಉದುರುತ್ತಾ ಮೇಲೇರಿ, ಒಂದು ಮಳೆಗಾಲದ ಬೆಳಿಗ್ಗೆ ಅಂಗಳದಲ್ಲಿ ಬಾವಿಯಂಥ ಗುಂಡಿ ಬೀಳುತ್ತದೆ. ಎಲ್ಲಿ ಎಂದು ಹೇಳಬಹುದು, ಯಾವಾಗ ಎಂದು ಹೇಳಲಾಗದು. ಎರಡಕ್ಕೂ ಒಂದೇ ಮದ್ದು ಹುಡುಕಿದರೆ ಎರಡೂ ಕೆಡುತ್ತವೆ. ನಾನು ಕೆಳಗಿನ ಸೀಮಿನ ಬಗ್ಗೆ ಮಾತ್ರ ಬರೆಯುತ್ತೇನೆ.

ಮೊದಲು ಕೇವಿಂಗ್ ಲೆಕ್ಕ. ಪ್ಯಾನೆಲ್ (ಒಂದು ಸಲಕ್ಕೆ ಕಲ್ಲಿದ್ದಲು ತೆಗೆಯುವ ಭಾಗ) ಅಗಲ ಆಳದ 1.4 ಪಟ್ಟು ಮೀರಿದರೆ, ಅಂದರೆ ಇಲ್ಲಿ 196 ಮೀ. ದಾಟಿದರೆ, ನೆಲ ಗರಿಷ್ಠ ಪ್ರಮಾಣದಲ್ಲಿ ಕೂರುತ್ತದೆ. ಈ 1.4 ಬಂದದ್ದು 35 ಡಿಗ್ರಿಯ ಡ್ರಾ ಕೋನದಿಂದ (ಪ್ಯಾನೆಲ್ ಅಂಚಿನಿಂದ ಮೇಲಕ್ಕೆ ಹೋಗುತ್ತಾ ಕುಸಿತ ಹೊರಕ್ಕೆ ಹರಡುವ ಕೋನ). ಮೇಲೆ ಗಟ್ಟಿ ಮರಳುಗಲ್ಲು ಹೆಚ್ಚಿದ್ದರೆ ಕೋನ ಕಡಿಮೆಯಾಗುತ್ತದೆ. ತೆಗೆದ ದಪ್ಪದ 65 ಶೇಕಡಾ ಮೇಲಕ್ಕೆ ತಲುಪುತ್ತದೆ ಎಂದಿಟ್ಟುಕೊಳ್ಳಿ (ಬ್ರಿಟನ್ನಿನ ಮೆತ್ತನೆ ಪದರಗಳಲ್ಲಿ ಇದು 90 ಶೇಕಡಾವರೆಗೂ ಹೋಗುತ್ತದೆ). 2.4 × 0.65 = 1.56 ಮೀ. ಕುಸಿತ.

ಆದರೆ ಮನೆಯನ್ನು ಒಡೆಯುವುದು ಈ ಒಂದೂವರೆ ಮೀಟರ್ ಅಲ್ಲ. ಇಡೀ ಊರು ಸಮನಾಗಿ ಕೆಳಗಿಳಿದರೆ ಗೋಡೆಗೆ ಗೊತ್ತೇ ಆಗುವುದಿಲ್ಲ. ಚರಂಡಿ, ಕಾಲುವೆಗಳಿಗಷ್ಟೇ ಗೊತ್ತಾಗುತ್ತದೆ. ಜರ್ಮನಿಯ ಡ್ಯೂಯಿಸ್‌ಬರ್ಗ್ ಬಂದರಿನ ಕೆಳಗೆ 1950–60ರ ದಶಕಗಳಲ್ಲಿ ಬೇಕೆಂದೇ ಕ್ರಮವಾಗಿ ಕಲ್ಲಿದ್ದಲು ತೆಗೆದು, ಬಂದರನ್ನೇ ಸುಮಾರು 2 ಮೀ. ಕೆಳಗಿಳಿಸಿದರು, ದಕ್ಕೆಗಳನ್ನು ಬಳಕೆಯಲ್ಲಿಟ್ಟುಕೊಂಡೇ. ಒಡೆಯುವುದು ವ್ಯತ್ಯಾಸ: ವಾಲಿಕೆ, ಎಳೆತ, ಅದುಮಿಕೆ. ಅಗಲ ಪ್ಯಾನೆಲ್‌ಗಳಿಗೆ ಬ್ರಿಟಿಷ್ ಕೈಪಿಡಿಯ ಗುಣಕಗಳನ್ನು ಹಾಕಿ ನೋಡಿ. ಗರಿಷ್ಠ ವಾಲಿಕೆ 2.75 × 1.56 ÷ 140, ಅಂದರೆ ಮೀಟರಿಗೆ 31 ಮಿ.ಮೀ. ಎಳೆತ 0.65 × 1.56 ÷ 140, ಮೀಟರಿಗೆ 7.2 ಮಿ.ಮೀ. 12 ಮೀ. ಉದ್ದದ ಮನೆ 87 ಮಿ.ಮೀ. ಹಿಗ್ಗಬೇಕಾಗುತ್ತದೆ. ಇಟ್ಟಿಗೆ ಗೋಡೆ ಹಿಗ್ಗುವುದಿಲ್ಲ, ಸೀಳುತ್ತದೆ.

ಎಷ್ಟು ತಡೆದೀತು ಎಂದು ಕೇಳಿದ್ದೀರಿ. ಊರುಗಳ ಕೆಳಗೇ ಗಣಿ ನಡೆಸಿದ ಪೋಲೆಂಡಿನವರ ವರ್ಗೀಕರಣ ಬಳಕೆಗೆ ಸುಲಭ. ಒಂದನೇ ವರ್ಗದ ಮಿತಿ ವಾಲಿಕೆ 2.5, ಸ್ಟ್ರೇನ್ (ಎಳೆತ ಅಥವಾ ಅದುಮಿಕೆ) 1.5, ಎರಡನೆಯದು 5 ಮತ್ತು 3, ಮೂರನೆಯದು 10 ಮತ್ತು 6, ನಾಲ್ಕನೆಯದು 15 ಮತ್ತು 9. ಎಲ್ಲವೂ ಮೀಟರಿಗೆ ಮಿ.ಮೀ. ಯಾವ ರಕ್ಷಣೆಯೂ ಇಲ್ಲದ ಇಟ್ಟಿಗೆ ಮನೆಗೆ ಒಂದನೇ ವರ್ಗ, ಹೆಚ್ಚೆಂದರೆ ಎರಡನೆಯದು. ನಿಮ್ಮ ಕೇವಿಂಗ್ ಪ್ರಸ್ತಾವದ ವಾಲಿಕೆ ನಾಲ್ಕನೇ ವರ್ಗಕ್ಕಿಂತ ಎರಡು ಪಟ್ಟು ಆಚೆಗಿದೆ. ಊರನ್ನು ಎತ್ತಂಗಡಿ ಮಾಡದೆ ಅದು ಆಗದು. ಅದನ್ನು ಇಲ್ಲಿಗೇ ಕೈಬಿಡಿ.

ಪಟ್ಟಿ ವಿಧಾನಕ್ಕೆ ಬರೋಣ. ಪ್ಯಾನೆಲ್ ಅಗಲ ಆಳದ ಮೂರನೇ ಒಂದು ಭಾಗದೊಳಗೆ ಇದ್ದರೆ ಮೇಲಿನ ಪದರಗಳು ಸೇತುವೆಯ ಹಾಗೆ ನಿಲ್ಲುತ್ತವೆ. 45 ಮೀ. ಪ್ಯಾನೆಲ್, 30 ಮೀ. ಕಂಬ ಎಂದಿಡಿ. ಕಂಬದ ಮೇಲಿನ ಭಾರ: 140 ಮೀಟರಿಗೆ 3.5 ಮೆಗಾಪ್ಯಾಸ್ಕಲ್ (ಒತ್ತಡದ ಮಾನ), ಅದನ್ನು 75 ÷ 30ರಿಂದ ಗುಣಿಸಿದರೆ 8.75. ಕಂಬದ ಅಗಲ–ಎತ್ತರದ ಅನುಪಾತ 12.5. ಬೀನಿಯಾವ್‌ಸ್ಕಿ ಸೂತ್ರದಲ್ಲಿ ಕಲ್ಲಿದ್ದಲಿನ ಮೂಲ ಬಲ 6.2 ಮೆಗಾಪ್ಯಾಸ್ಕಲ್ ಹಿಡಿದರೆ ಕಂಬದ ಬಲ ಸುಮಾರು 32 ಬರುತ್ತದೆ. ಸುರಕ್ಷತಾ ಗುಣಾಂಕ (ಬಲ ÷ ಭಾರ) 3.6. ಊರಿನ ಕೆಳಗೆ ಶಾಶ್ವತವಾಗಿ ನಿಲ್ಲಬೇಕಾದ ಕಂಬಕ್ಕೆ ನಾನು 2ಕ್ಕಿಂತ ಕೆಳಗೆ ಒಪ್ಪುವುದಿಲ್ಲ, ಆದ್ದರಿಂದ ಇದು ಚೆನ್ನಾಗಿದೆ. ಕಲ್ಲಿದ್ದಲು ಸಿಗುವುದು 60 ಶೇಕಡಾ. ಇಂಥ ಸಾಲು ಪ್ಯಾನೆಲ್‌ಗಳಲ್ಲಿ ಕುಸಿತ ತೆಗೆದ ದಪ್ಪದ 15 ಶೇಕಡಾ ಎಂದು ಲೆಕ್ಕ ಹಿಡಿದರೆ 0.36 ಮೀ.; ಎಳೆತ ಮೀಟರಿಗೆ 1.7, ವಾಲಿಕೆ 7 ಮಿ.ಮೀ. ಎಳೆತದಲ್ಲಿ ಎರಡನೇ ವರ್ಗ, ವಾಲಿಕೆಯಲ್ಲಿ ಮೂರನೆಯದು. ವಾಲಿಕೆ ಇನ್ನೂ ಜಾಸ್ತಿಯೇ. ಮನೆಗಳ ನೇರ ಕೆಳಗೆ ಪ್ಯಾನೆಲ್ 35, ಕಂಬ 35 ಮಾಡಿದರೆ ಅದೂ ಇಳಿಯುತ್ತದೆ.

ಮರಳು ತುಂಬುವುದಾದರೆ ಕುಸಿತ ದಪ್ಪದ 10 ಶೇಕಡಾ ಆಸುಪಾಸು, ಅಂದರೆ 0.24 ಮೀ. ಪೂರ್ತಿ ಕಲ್ಲಿದ್ದಲೂ ಸಿಗುತ್ತದೆ. ಕಾಗದದಲ್ಲಿ ಇದೇ ಗೆಲ್ಲುತ್ತದೆ. ಆದರೆ ಒಂದು ಟನ್ ಕಲ್ಲಿದ್ದಲು ತೆಗೆದರೆ ಸುಮಾರು 0.7 ಘನ ಮೀಟರ್ ಖಾಲಿ ಜಾಗ ಆಗುತ್ತದೆ, ಅಷ್ಟೂ ಮರಳು ಬೇಕು. ಒಂದು ಘನ ಮೀಟರ್ ಮರಳಿಗೆ ಒಂದರಿಂದ ಒಂದೂವರೆ ಘನ ಮೀಟರ್ ನೀರು. ಆ ನೀರನ್ನೆಲ್ಲ ಮತ್ತೆ ಮೇಲಕ್ಕೆ ಪಂಪ್ ಮಾಡಬೇಕು. ಮರಳು ನದಿಯದ್ದಾದರೆ ನದಿಗೆ ಆಗುವ ಹಾನಿಯೂ ಲೆಕ್ಕಕ್ಕೆ ಬರಬೇಕು. ಒಡೆದ ಮರಳುಗಲ್ಲು, ವಿದ್ಯುತ್ ಸ್ಥಾವರದ ತಳಬೂದಿ ಇವನ್ನು ಮೊದಲು ಪರೀಕ್ಷಿಸಿ.

---

ತಳಪಾಯ

ಕರಿಪದರ ಅವರ ಲೆಕ್ಕ ಸರಿ. ಆದರೆ ಮರಳಿನ 10 ಶೇಕಡಾವನ್ನು ಹಾಗೇ ನಂಬಬೇಡಿ. ಅದು ತುಂಬಿದ ಮರಳು ಅದುಮಿಕೊಳ್ಳುವ ಲೆಕ್ಕ ಮಾತ್ರ. ತುಂಬುವ ಮೊದಲೇ ಚಾವಣಿ ಇಳಿದಿದ್ದರೆ ಆ ಇಳಿತ ಮರಳಿಗೆ ಸಂಬಂಧವೇ ಇಲ್ಲದೆ ಮೇಲಕ್ಕೆ ಹೋಗುತ್ತದೆ. ಆದ್ದರಿಂದ ಫೇಸ್ (ಕಲ್ಲಿದ್ದಲು ಕಡಿಯುತ್ತಿರುವ ಮುಂಭಾಗ) ಹಿಂದೆಯೇ ತುಂಬುತ್ತಾ ಬರಬೇಕು, ವಾರಗಟ್ಟಲೆ ತೆರೆದಿಡಬಾರದು. ನಿಮ್ಮ ಸೀಮ್ ಸಮತಟ್ಟು ಎಂದಿದ್ದೀರಿ. ಇಳಿಜಾರು ಸೀಮಿನಲ್ಲಿ ಮರಳು ತಾನೇ ಕೆಳಗಿನಿಂದ ಚಾವಣಿಯವರೆಗೆ ತುಂಬಿಕೊಳ್ಳುತ್ತದೆ. ಸಮತಟ್ಟಿನಲ್ಲಿ ಚಾವಣಿಯ ಕೆಳಗೆ ಒಂದು ಸಂದು ಉಳಿದೇ ಉಳಿಯುತ್ತದೆ. 2.4 ಮೀಟರಿನಲ್ಲಿ 20 ಸೆಂ.ಮೀ. ಸಂದು ಉಳಿದರೆ ಅದೇ 8 ಶೇಕಡಾ. ಮೇಲೆ ಹೇಳಿದ 10ರ ಜೊತೆ ಇದನ್ನು ಕೂಡಿಸಿ ನೋಡಿ.

ತುಂಬುವ ಕೆಲಸದಲ್ಲಿ ಸಾಮಾನ್ಯವಾಗಿ ಕೆಡುವುದು ನಾಲ್ಕೈದು ಕಡೆ. ಪೈಪಿನಲ್ಲಿ ಮರಳು ಕಟ್ಟಿಕೊಳ್ಳುವುದು: ಲಂಬ ಇಳಿತಕ್ಕೆ ಹೋಲಿಸಿದರೆ ಅಡ್ಡ ಉದ್ದ ಬಹಳ ಹೆಚ್ಚಾದಾಗ ವೇಗ ಬೀಳುತ್ತದೆ, ಮರಳು ತಳಕ್ಕೆ ಕೂರುತ್ತದೆ. ಮರಳು ಬಿಡುವ ಮೊದಲು ಬರಿ ನೀರು, ನಿಲ್ಲಿಸಿದ ಮೇಲೂ ಬರಿ ನೀರು, ತುದಿಯಲ್ಲಿ ತಿಳಿನೀರು ಕಾಣುವವರೆಗೆ. ಇದನ್ನು ತಪ್ಪಿಸಿದ ಪಾಳಿಯ ತಪ್ಪು ಮುಂದಿನ ಪಾಳಿಯ ತಲೆಗೆ ಬರುತ್ತದೆ. ಪೈಪು ಕೆಳಭಾಗದಲ್ಲೇ ಸವೆಯುವುದರಿಂದ ಆಗಾಗ ತಿರುಗಿಸಿ ಜೋಡಿಸಬೇಕು. ಮರಳಿನಲ್ಲಿ ಜೇಡಿ ಹೆಚ್ಚಿದ್ದರೆ ನೀರು ಸೋಸಿ ಹೋಗದೆ ಇಡೀ ರಾಶಿ ಕೆಸರಾಗಿ ನಿಲ್ಲುತ್ತದೆ, ಆ ಕೆಸರು ತಡೆಗೋಡೆಯನ್ನು ನೂಕುತ್ತದೆ. ತಡೆಗೋಡೆ ಒಡೆದರೆ ಗ್ಯಾಲರಿಯಲ್ಲಿ ಇರುವವರ ಜೀವಕ್ಕೇ ಅಪಾಯ. ಗೋಡೆಯ ಹಿಂದಿನಿಂದ ಬರುವ ನೀರಿನ ಪ್ರಮಾಣ ಹಠಾತ್ ಕಡಿಮೆಯಾದರೆ, ಅಥವಾ ತಿಳಿಯಾಗಿದ್ದದ್ದು ಕೆಂಪಗೆ ಬಂದರೆ ಆಗಲೇ ನಿಲ್ಲಿಸಿ.

ಪಟ್ಟಿ ವಿಧಾನಕ್ಕೂ ಒಂದು ಎಚ್ಚರಿಕೆ. 45 ಮೀಟರಿನಲ್ಲಿ ಗಟ್ಟಿ ಮರಳುಗಲ್ಲಿನ ಚಾವಣಿ ಬೀಳದೆ ತೂಗಿಕೊಂಡು ನಿಂತು, ಆಮೇಲೆ ಒಟ್ಟಿಗೇ ಬಿದ್ದು ಗಾಳಿಯ ಹೊಡೆತ ಕೊಡಬಹುದು. ಮೇಲ್ಮೈಗೆ ಒಳ್ಳೆಯದಾದ ಚಾವಣಿ ಕೆಳಗಿನ ಕಾರ್ಮಿಕರಿಗೆ ಒಳ್ಳೆಯದಾಗಬೇಕೆಂದಿಲ್ಲ. ಚಾವಣಿಯನ್ನು ಸಿಡಿಸಿ ಬೀಳಿಸುವ ವ್ಯವಸ್ಥೆ ಯೋಜನೆಯಲ್ಲೇ ಇರಲಿ.

ಸೀಮಿನ ಕೆಳಗಿನ ನೆಲವನ್ನೂ ನೋಡಿ. ಜೇಡಿ ಶೇಲ್ ಇದ್ದು ನೀರು ನಿಂತರೆ ಕಂಬ ಒಡೆಯುವುದಿಲ್ಲ, ನೆಲದೊಳಕ್ಕೆ ಹುಗಿಯುತ್ತದೆ. ಗುಣಾಂಕ 3.6 ಇದ್ದರೂ ಮೇಲ್ಮೈ ಕೂರುತ್ತದೆ. ಗಣಿ ಮುಚ್ಚಿ ಪಂಪ್ ನಿಲ್ಲಿಸಿದ ಮೇಲೆ ಎಲ್ಲ ಕಡೆ ನೀರು ನಿಲ್ಲುವುದು ಖಚಿತ, ಹಾಗಾಗಿ ನೆಲದ ಕಲ್ಲನ್ನು ನೀರಿನಲ್ಲಿ ನೆನೆಸಿ ಪರೀಕ್ಷಿಸಿದ ಬಲವನ್ನೇ ವಿನ್ಯಾಸಕ್ಕೆ ಹಿಡಿಯಿರಿ.

---

ಬೋರ್‌ಹೋಲ್

ಹಳೇ ಗ್ಯಾಲರಿ ವಿಷಯ. ಮೊದಲು ತುಂಬಬೇಕು, ಆಮೇಲೆ ಕೆಳಗೆ ಕೈಹಾಕಬೇಕು. ಇದರಲ್ಲಿ ಎರಡು ಮಾತಿಲ್ಲ. ಕೆಳಗಿನ ಪ್ಯಾನೆಲ್ ಹಾಯುವಾಗ ಬರುವ ಎಳೆತ ಈಗಾಗಲೇ ಸಡಿಲವಾಗಿರುವ ಹಳೇ ಚಾವಣಿಯನ್ನು ಅಲುಗಾಡಿಸುತ್ತದೆ, ಆಗ ಗುಂಡಿಗಳು ಸಾಲಾಗಿ ಬೀಳುತ್ತವೆ.

ನಿಮ್ಮಲ್ಲಿ 32 ಮೀಟರಿನಲ್ಲಿ 8 ಮೀ. ಮಣ್ಣು ಕಳೆದರೆ ಗ್ಯಾಲರಿ ಮೇಲಿನ ಕಲ್ಲು 24 ಮೀ. ಮಾತ್ರ. ಕಲ್ಲಿನ ಹೊದಿಕೆ ಗ್ಯಾಲರಿ ಎತ್ತರದ 10 ಪಟ್ಟಾದರೂ ಇರಬೇಕು ಎಂಬುದು ಹಳೆಯ ರೂಢಿ. ಇಲ್ಲಿ 8.6 ಪಟ್ಟು. ಉದುರಿದ ಕಲ್ಲು ಉಬ್ಬಿಕೊಂಡು ತಾನೇ ಜಾಗ ತುಂಬಿ ಕುಸಿತವನ್ನು ನಿಲ್ಲಿಸುತ್ತದೆ ಎಂಬುದೇ ಆ ರೂಢಿಯ ಆಧಾರ. ಉಬ್ಬು 30 ಶೇಕಡಾ ಇದ್ದರೆ 2.8 ÷ 0.3, ಅಂದರೆ ಸುಮಾರು 9 ಮೀಟರಿನಲ್ಲೇ ನಿಲ್ಲಬೇಕು. ಆದರೆ ನಾಲ್ಕು ಗ್ಯಾಲರಿ ಕೂಡುವ ಜಂಕ್ಷನ್‌ನಲ್ಲಿ ಉದುರಿದ ಕಲ್ಲು ನಾಲ್ಕೂ ಕಡೆಗೆ ಹರಡಿ ಹೋಗುತ್ತದೆ, ಜಾಗ ತುಂಬುವುದೇ ಇಲ್ಲ. ನೀರು ಹರಿಯುತ್ತಿದ್ದರೆ ಪುಡಿಯನ್ನು ಕೊಚ್ಚಿಕೊಂಡೂ ಹೋಗುತ್ತದೆ. ಗುಂಡಿಗಳು ಹೆಚ್ಚಾಗಿ ಜಂಕ್ಷನ್ ಮೇಲೇ ಬೀಳುವುದು ಇದಕ್ಕೇ.

ಮೊದಲ ಕೆಲಸ, ಗ್ಯಾಲರಿಯಲ್ಲಿ ನೀರಿದೆಯೇ ಎಂದು ತಿಳಿಯುವುದು. ಇದ್ದರೆ ಅದು ನಿಮ್ಮ ಹೊಸ ಪ್ಯಾನೆಲ್ ತಲೆಯ ಮೇಲೆ ನಿಂತ ನೀರು. ನಡುವೆ 105 ಮೀ. ಕಲ್ಲಿದ್ದರೂ ಹಳೇ ಬೋರುಗಳು, ಭ್ರಂಶಗಳು (ಕಲ್ಲು ಸೀಳಿ ಸರಿದ ಜಾಗಗಳು) ದಾರಿ ಕೊಡಬಹುದು. ಹಾಗಂತ ಒಮ್ಮೆಲೇ ಪಂಪ್ ಮಾಡಿ ಖಾಲಿ ಮಾಡಬೇಡಿ. ನೀರು ಚಾವಣಿಗೂ ಕಂಬಗಳಿಗೂ ಸ್ವಲ್ಪ ಆಸರೆ ಕೊಟ್ಟಿರುತ್ತದೆ. ಮಟ್ಟ ಬೇಗ ಇಳಿದರೆ ಅದೇ ಕುಸಿತಕ್ಕೆ ಕಾರಣವಾಗುತ್ತದೆ. ಮನೆಗಳ ಕೆಳಗಿನ ಭಾಗಕ್ಕೆ ನೀರಿರುವಾಗಲೇ ಗ್ರೌಟ್ (ಸಿಮೆಂಟ್, ಬೂದಿ, ನೀರಿನ ಮಿಶ್ರಣ) ಹಾಕಿ, ಉಳಿದದ್ದನ್ನು ಆಮೇಲೆ ನಿಧಾನವಾಗಿ ಇಳಿಸುವುದು ಸುರಕ್ಷಿತ ಕ್ರಮ.

ಕೊರೆಯುವಾಗ ಮನೆಗಳ ಹತ್ತಿರ ಕೊರೆದ ಪುಡಿ ಹೊರಹಾಕಲು ಗಾಳಿ ಫ್ಲಶ್ ಬಳಸಬೇಡಿ, ನೀರು ಬಳಸಿ. ಹಳೇ ಗ್ಯಾಲರಿಯಲ್ಲಿ ಮೀಥೇನ್, ಆಮ್ಲಜನಕ ಕಡಿಮೆಯಾದ ಕೆಟ್ಟಗಾಳಿ, ಇಂಗಾಲದ ಡೈಆಕ್ಸೈಡ್ ತುಂಬಿರುತ್ತವೆ. ಕಂಪ್ರೆಸರ್ ಗಾಳಿ ಅದನ್ನು ಬಿರುಕುಗಳ ಮೂಲಕ ಮನೆಯೊಳಕ್ಕೆ ತಳ್ಳುತ್ತದೆ. ಗ್ರೌಟ್ ತುಂಬುವಾಗಲೂ ಇದೇ ಅಪಾಯ: ಒಳಗೆ ಹೋದಷ್ಟು ಗ್ರೌಟು ಅಷ್ಟೇ ಗಾಳಿಯನ್ನು ಹೊರಗೆ ನೂಕುತ್ತದೆ. ಆದ್ದರಿಂದ ಗಾಳಿ ಹೊರಹೋಗಲು ಬೇರೆ ಬೋರುಗಳನ್ನು ತೆರೆದಿಡಿ, ಮನೆಗಳಲ್ಲಿ ಅನಿಲ ಮಾಪಕ ಇಡಿ. ಇದನ್ನು ಮರೆತ ಕೆಲಸ ನೆಲವನ್ನು ಉಳಿಸಿ ಜನರನ್ನು ಕಳೆದುಕೊಳ್ಳುತ್ತದೆ.

ಕೊರೆಯುವ ಜಾಲ ಮೊದಲು 6 ಮೀ. ಅಂತರದಲ್ಲಿ, ಆಮೇಲೆ ನಡುವೆ ಇನ್ನೊಂದು ಸುತ್ತು, ಕೊನೆಗೆ 3 ಮೀ. ಅಂತರ ಆಗುತ್ತದೆ. ಪ್ರತಿ ಬೋರಿನಲ್ಲೂ ಎಲ್ಲಿ ಬಿಟ್ ಸರ್ರನೆ ಇಳಿಯಿತು, ಎಲ್ಲಿ ನೀರು ಮೇಲೆ ಬರುವುದು ನಿಂತಿತು, ಎಲ್ಲಿ ಗಟ್ಟಿ ಕಲ್ಲಿದ್ದಲು ಸಿಕ್ಕಿತು ಎಂದು ಆಳ ಸಮೇತ ಬರೆಯಿರಿ. ಹತ್ತಿಪ್ಪತ್ತು ಬೋರಿನಲ್ಲಿ ಕಂಬಗಳ ಜಾಲ ಕಣ್ಣಿಗೆ ಕಟ್ಟುತ್ತದೆ. ಆಗ ಹಳೇ ನಕ್ಷೆಯನ್ನು ತಿರುಗಿಸಿ, ಸರಿಸಿ ಹೊಂದಿಸಬಹುದು. ಬೋರಿಗೆ ಕ್ಯಾಮೆರಾ ಇಳಿಸಿ, ನೀರಿದ್ದರೆ ಸೋನಾರ್.

ತುಂಬುವ ಜಾಗ ಮನೆಯ ಅಂಚಿಗೇ ನಿಲ್ಲಬಾರದು. 8 ಮೀ. ಮಣ್ಣಿನಲ್ಲಿ ಗುಂಡಿಯ ಬಾಯಿ 45 ಡಿಗ್ರಿಯಲ್ಲಿ ಅಗಲವಾಗುತ್ತದೆ ಎಂದರೂ ಅದೇ 8 ಮೀ. ಆಯಿತು, ಕಲ್ಲಿನ ಭಾಗಕ್ಕೆ ಇನ್ನಷ್ಟು ಸೇರಿಸಿ ಕನಿಷ್ಠ 12 ಮೀ. ಹೊರಗೆ ಹೋಗಿ.

ಮೊದಲು ಅಂಚಿನ ತಡೆ. ಇಳಿಜಾರಿನ ಕೆಳಬದಿಯಿಂದ ಶುರು ಮಾಡಿ. ಸಮತಟ್ಟು ಎಂದು ಕಂಡರೂ ಒಂದೆರಡು ಡಿಗ್ರಿ ಇದ್ದೇ ಇರುತ್ತದೆ, ತೆಳು ಗ್ರೌಟಿಗೆ ಅಷ್ಟು ಸಾಕು, ನೂರಾರು ಮೀಟರ್ ಹರಿದು ಹೋಗುತ್ತದೆ. ಅಂಚಿನ ಬೋರುಗಳಲ್ಲಿ 6ರಿಂದ 10 ಮಿ.ಮೀ. ಜಲ್ಲಿಯನ್ನು ಚಾವಣಿ ಮುಟ್ಟುವವರೆಗೆ ಸುರಿದು, ಅದರೊಳಗೆ ದಪ್ಪ ಗ್ರೌಟ್. ಈ ಬೋರುಗಳ ವ್ಯಾಸ ಜಲ್ಲಿ ಸಿಕ್ಕಿಕೊಳ್ಳದಷ್ಟು, 100ರಿಂದ 150 ಮಿ.ಮೀ. ಇರಲಿ. ಅಂಚು ಗಟ್ಟಿಯಾದ ಮೇಲೆ ಒಳಭಾಗಕ್ಕೆ ಹಾರುಬೂದಿ (ವಿದ್ಯುತ್ ಸ್ಥಾವರದ ನುಣ್ಣನೆ ಬೂದಿ) ಗ್ರೌಟ್.

ಮಿಶ್ರಣ: ಸಿಮೆಂಟ್ 1, ಹಾರುಬೂದಿ 12, ತೂಕದಲ್ಲಿ. ಒಂದು ಸಲಕ್ಕೆ ಸಿಮೆಂಟ್ 50 ಕೆ.ಜಿ., ಬೂದಿ 600 ಕೆ.ಜಿ., ನೀರು 290 ಲೀಟರ್. ಇದು ಸುಮಾರು 0.58 ಘನ ಮೀಟರ್ ಗ್ರೌಟ್ ಕೊಡುತ್ತದೆ. 28 ದಿನಕ್ಕೆ 1 ಮೆಗಾಪ್ಯಾಸ್ಕಲ್ ಬಲ ಗುರಿ. ಬೂದಿಯ ಗುಣ ಲೋಡಿನಿಂದ ಲೋಡಿಗೆ ಬದಲಾಗುವುದರಿಂದ ನೀರನ್ನು ಕಣ್ಣಳತೆಯಲ್ಲಿ ಹಾಕಬೇಡಿ. ನೀರು ಜಾಸ್ತಿಯಾದರೆ ಗ್ರೌಟ್ ತಳಕ್ಕೆ ಕೂತು ಮೇಲೆ ತಿಳಿನೀರು ನಿಲ್ಲುತ್ತದೆ. ಆ ತಿಳಿನೀರಿನ ದಪ್ಪವೇ ನಾಳೆ ಚಾವಣಿಯ ಕೆಳಗಿನ ಸಂದು. ಅಳತೆ ಜಾಡಿಯಲ್ಲಿ ಇಟ್ಟು ನೋಡಿ, 5 ಶೇಕಡಾ ಮೀರಿದರೆ ಮಿಶ್ರಣ ತಿದ್ದಿ.

ಪ್ರಮಾಣ ಅಂದಾಜು ಬೇಕಾದರೆ: 40 × 30 ಮೀ. ಜಾಗ, ಎತ್ತರ 2.8, ಅರ್ಧ ಕಲ್ಲಿದ್ದಲು ತೆಗೆದಿದೆ ಎಂದರೆ 1680 ಘನ ಮೀಟರ್ ಖಾಲಿ. ಸುಮಾರು 2900 ಬ್ಯಾಚ್, ಅಂದರೆ ಸಿಮೆಂಟ್ 145 ಟನ್, ಬೂದಿ 1740 ಟನ್. ಈಗಾಗಲೇ ಉದುರಿದ ಜಾಗ ಇದರಲ್ಲಿ ಕಡಿಮೆಯಾಗುತ್ತದೆ, ಹೊರಗೆ ಸೋರುವುದು ಹೆಚ್ಚಾಗುತ್ತದೆ.

ನೀರಿರುವ ಗ್ಯಾಲರಿಯಲ್ಲಿ ಗ್ರೌಟ್ ಪೈಪಿನ ತುದಿ ನೆಲದ ಹತ್ತಿರವೇ ಇರಬೇಕು. ಮೇಲಿನಿಂದ ಸುರಿದರೆ ಸಿಮೆಂಟ್ ತೊಳೆದು ಹೋಗಿ ಬರಿ ಬೂದಿ ಉಳಿಯುತ್ತದೆ. ಗುರುತ್ವದಿಂದ ತುಂಬಿದ ಮೇಲೆ ಕೊನೆಯ ಸುತ್ತು ಒತ್ತಡದಲ್ಲಿ. ಒಂದು ಮೀಟರ್ ಆಳಕ್ಕೆ 10 ಕಿಲೋಪ್ಯಾಸ್ಕಲ್ ಮೀರಬೇಡಿ, ಇಲ್ಲಿ 320. ಮೀರಿದರೆ ನೆಲವೇ ಎದ್ದು ಮನೆಯ ನೆಲಹಾಸು ಬಿರಿಯುತ್ತದೆ. ಮುಗಿದ ಮೇಲೆ ಬೋರುಗಳ ನಡುವಿನ ಜಾಗದಲ್ಲಿ ಹೊಸದಾಗಿ ಕೊರೆದು ಕೋರ್ (ಉರುಳೆಯಂಥ ಮಾದರಿ ತುಂಡು) ತೆಗೆದು ನೋಡಿ. ಆ ಬೋರು ಮತ್ತೆ ಗ್ರೌಟ್ ಕುಡಿದರೆ ಕೆಲಸ ಮುಗಿದಿಲ್ಲ.

---

ಗಣಿಯಂಚು

ಎಲ್ಲರಿಗೂ ಧನ್ಯವಾದ. ಮೂರು ಅನುಮಾನ. ಹಳೇ ಕಂಬಗಳು ಇಷ್ಟು ವರ್ಷ ನಿಂತಿವೆ, 32 ಮೀಟರಿನ ಭಾರವೂ ಕಡಿಮೆ. ಜಂಕ್ಷನ್‌ಗಳನ್ನು ಮಾತ್ರ ತುಂಬಿದರೆ ಸಾಲದೇ? ಎರಡನೆಯದು, ಕೆಳಗಿನ ಪ್ಯಾನೆಲನ್ನು ಊರಿನ ಅಂಚಿಗೆ ತಂದು ನಿಲ್ಲಿಸಿಬಿಟ್ಟರೆ? ಮೂರನೆಯದು, ಮೇಲಿನಿಂದ ಪದರಗಳ ನಡುವೆ ಬೂದಿ ಒತ್ತಿ ಕುಸಿತ ತಡೆಯುವ ವಿಧಾನ ಚೀನಾದಲ್ಲಿ ಇದೆಯಲ್ಲ, ಅದು ಇಲ್ಲಿ ಒಗ್ಗುತ್ತದೆಯೇ?

---

ತಳಪಾಯ

ಕಂಬದ ಪ್ರಶ್ನೆಗೆ ಲೆಕ್ಕವನ್ನೇ ಕೊಡುತ್ತೇನೆ. 1960ರ ಜನವರಿಯಲ್ಲಿ ದಕ್ಷಿಣ ಆಫ್ರಿಕಾದ ಕೋಲ್‌ಬ್ರೂಕ್ ಗಣಿಯಲ್ಲಿ ಕಂಬಗಳು ಒಂದರ ಹಿಂದೊಂದು ಒಡೆದು 430ಕ್ಕೂ ಹೆಚ್ಚು ಜನ ತೀರಿಕೊಂಡರು. ಆ ನಂತರದ ಸಂಶೋಧನೆಯಿಂದ 1967ರಲ್ಲಿ ಬಂದದ್ದು ಸಾಲಮನ್–ಮನ್ರೋ ಸೂತ್ರ: ಕಂಬದ ಬಲ = 7.2 × ಅಗಲದ 0.46 ಘಾತ ÷ ಎತ್ತರದ 0.66 ಘಾತ. 3 ಮೀ. ಚೌಕ ಕಂಬ, 2.8 ಮೀ. ಎತ್ತರ, ಅರ್ಧ ಕಲ್ಲಿದ್ದಲು ತೆಗೆದದ್ದು ಎಂದಿಡಿ. ಬಲ 6 ಮೆಗಾಪ್ಯಾಸ್ಕಲ್, ಭಾರ 1.6. ಗುಣಾಂಕ 3.8. ನೀವು ಹೇಳಿದ ಹಾಗೆ ಗಟ್ಟಿ.

ಈಗ ಅದೇ ಕಂಬದ ಬದಿಗಳು ಅರ್ಧರ್ಧ ಮೀಟರ್ ಉದುರಿ ಅಗಲ 2 ಮೀ. ಆಯಿತು, ಸುತ್ತ ಚಾವಣಿ ಕಳಚಿ ಎತ್ತರ 5 ಮೀ. ಆಯಿತು. ಬಲ 3.4ಕ್ಕೆ ಇಳಿಯಿತು, ಭಾರ 3.6ಕ್ಕೆ ಏರಿತು. ಗುಣಾಂಕ 1ಕ್ಕಿಂತ ಕೆಳಗೆ. ಇಷ್ಟು ತೆಳು ಕಂಬಕ್ಕೆ ಈ ಸೂತ್ರ ಅಂದಾಜು ಮಾತ್ರ, ಆದರೆ ದಿಕ್ಕು ಸರಿಯಿದೆ. ಭಾರ ಹೊಸದಾಗಿ ಬರಲಿಲ್ಲ, ಕಂಬ ಸವೆಯಿತು. ಅಗಲ ಕಂಬಗಳಿಗೆ ಇದು ಹೀಗಾಗುವುದಿಲ್ಲ, 20 ಮೀ. ಕಂಬದ ಬದಿ ಅರ್ಧ ಮೀಟರ್ ಉದುರಿದರೆ ಏನೂ ಆಗದು. ಆದ್ದರಿಂದ ನಿಮ್ಮ ಉತ್ತರ ಕಂಬಗಳ ನಿಜವಾದ ಅಳತೆಯಲ್ಲಿದೆ. ಅದನ್ನು ಬೋರ್‌ಹೋಲ್ ಹೇಳಿದ ಜಾಲ ತಿಳಿಸುತ್ತದೆ. ಅಗಲ 10 ಮೀ. ದಾಟಿದ್ದರೆ ಜಂಕ್ಷನ್ ಮಾತ್ರ ತುಂಬುವುದನ್ನು ಯೋಚಿಸಬಹುದು. 3–4 ಮೀ. ಇದ್ದರೆ ಪೂರ್ತಿ ತುಂಬಿ. ಒಂದು ಬದಿಯಿಂದಾದರೂ ಗ್ರೌಟ್ ಆನಿಕೊಂಡರೆ ಕಂಬದ ಸವೆತ ನಿಲ್ಲುತ್ತದೆ; ಗ್ರೌಟಿನ ದೊಡ್ಡ ಉಪಕಾರ ಅದೇ, ಭಾರ ಹೊರುವುದಲ್ಲ.

---

ಕರಿಪದರ

ಊರಿನ ಅಂಚಿಗೆ ತಂದು ನಿಲ್ಲಿಸುವುದು ಎಲ್ಲಕ್ಕಿಂತ ಕೆಟ್ಟದ್ದು ಸರ್. ಪ್ಯಾನೆಲ್ ಅಂಚಿನ ಮೇಲೆಯೇ ಎಳೆತ ಮತ್ತು ವಾಲಿಕೆ ಗರಿಷ್ಠ. ಫೇಸ್ ಮುಂದೆ ಹೋಗುತ್ತಿದ್ದರೆ ಎಳೆತ ಬಂದು, ಆಮೇಲೆ ಅದುಮಿಕೆ ಬಂದು, ಬಹುಪಾಲು ಸರಿಹೋಗುತ್ತದೆ. ಅಲ್ಲೇ ನಿಲ್ಲಿಸಿದರೆ ಆ ಎಳೆತ ಮನೆಗಳಲ್ಲಿ ಶಾಶ್ವತವಾಗಿ ಉಳಿಯುತ್ತದೆ. ಒಂದೋ ಊರಿನಿಂದ ಡ್ರಾ ಕೋನದಷ್ಟು ದೂರ ಇರಿ, ಇಲ್ಲಿ 140 × 0.7, ಅಂದರೆ 98 ಮೀ.; ಇಲ್ಲವೇ ಪಟ್ಟಿ ವಿಧಾನದಲ್ಲಿ ಒಂದೇ ವೇಗದಲ್ಲಿ ಊರಿನ ಕೆಳಗೆ ಹಾದು ಆಚೆ ಹೋಗಿ. ಮಧ್ಯದಲ್ಲಿ ರಜೆಗೆಂದು, ದುರಸ್ತಿಗೆಂದು ನಿಲ್ಲಿಸಬೇಡಿ. ದುರಸ್ತಿಯನ್ನು ಊರು ಬರುವ ಮೊದಲೇ ಮುಗಿಸಿಕೊಳ್ಳಿ. ಮತ್ತೊಂದು, ಬಿಟ್ಟ ಕಂಬಗಳನ್ನು ಮುಂದೆ ಯಾರೂ ತೆಗೆಯದಂತೆ ಗಣಿ ನಕ್ಷೆಯಲ್ಲೇ ಗುರುತಿಸಿಡಿ.

ಪದರಗಳ ನಡುವೆ ಬೂದಿ ಒತ್ತುವ ವಿಧಾನಕ್ಕೆ ಮೇಲೆ ದಪ್ಪ ಗಟ್ಟಿ ಪದರ, ಅದರ ಕೆಳಗೆ ಮೆತ್ತನೆಯದು ಇರಬೇಕು. ಮೆತ್ತನೆಯದು ಬಾಗಿ ಬಿಟ್ಟುಕೊಂಡಾಗ ಆಗುವ ಸಂದಿಗೆ ಬೂದಿ ನೀರನ್ನು ಒತ್ತುತ್ತಾರೆ. ಗಟ್ಟಿ ಪದರ ಮುರಿಯುವ ಮೊದಲೇ ಒತ್ತಬೇಕು, ಮುರಿದ ಮೇಲೆ ಸಂದು ಮುಚ್ಚಿಕೊಳ್ಳುತ್ತದೆ. ಅಗಲ ಪ್ಯಾನೆಲ್‌ಗೆ ಇದು ಸರಿ. 45 ಮೀಟರಿನ ಪಟ್ಟಿಯಲ್ಲಿ ಅಂಥ ಸಂದು ಸಾಕಷ್ಟು ತೆರೆದುಕೊಳ್ಳುವುದೇ ಇಲ್ಲ. ನಿಮ್ಮಲ್ಲಿ ಇನ್ನೊಂದು ತೊಡಕು, ಒತ್ತಡದ ಬೂದಿ ನೀರು ಬಿರುಕು ಹಿಡಿದು ಹಳೇ ಗ್ಯಾಲರಿಗೆ ನುಗ್ಗಬಹುದು. ಬೇಡ.

---

ಮಟ್ಟಗೋಲು

ಅಳತೆಯ ಬಗ್ಗೆ ಯಾರೂ ಬರೆದಿಲ್ಲ, ಆದ್ದರಿಂದ ಸೇರಿಸುತ್ತೇನೆ.

ಗುರುತುಗಳನ್ನು ಆಳದ ಇಪ್ಪತ್ತನೇ ಒಂದು ಭಾಗಕ್ಕೆ ಒಂದರಂತೆ, ಅಂದರೆ 7 ಮೀಟರಿಗೆ ಒಂದು ನೆಡಿ. ಒಂದು ಸಾಲು ಪ್ಯಾನೆಲ್ ಉದ್ದಕ್ಕೆ, ಇನ್ನೊಂದು ಅಡ್ಡಕ್ಕೆ. ಆಧಾರ ಬಿಂದುಗಳು 98 ಮೀ. ಆಚೆ ಎಂದು ನೂರಕ್ಕೇ ಇಡಬೇಡಿ, 150 ಮೀ. ದಾಟಲಿ. ಮೂರಾದರೂ ಇರಲಿ, ಕಲ್ಲಿನವರೆಗೆ ಇಳಿಸಿದ್ದಿರಲಿ. ಮೇಲಿನ 8 ಮೀ. ಜೇಡಿ ಮಣ್ಣು ಮಳೆಗೆ ಉಬ್ಬಿ ಬಿಸಿಲಿಗೆ ಕುಗ್ಗುತ್ತದೆ. ಗಣಿ ಶುರುವಾಗುವ ಮೊದಲು ಒಂದು ಮಳೆಗಾಲ, ಒಂದು ಬೇಸಿಗೆ ಅಳೆದಿಡದಿದ್ದರೆ ಆಮೇಲೆ ಯಾವುದು ಮಣ್ಣಿನದು, ಯಾವುದು ಗಣಿಯದು ಎಂದು ಬೇರ್ಪಡಿಸಲಾಗದು, ಪರಿಹಾರದ ಜಗಳ ಅಲ್ಲೇ ಶುರು. ಮನೆಗಳ ಇರುವ ಬಿರುಕುಗಳನ್ನೂ ಮನೆಯವರ ಎದುರೇ ಅಳೆದು, ಫೋಟೋ ತೆಗೆದು ದಾಖಲಿಸಿ.

ಸ್ಟ್ರೇನ್ ಅಳೆಯಲು ಗುರುತುಗಳ ನಡುವಿನ ದೂರವನ್ನು ಉಕ್ಕಿನ ಟೇಪಿನಿಂದ ಅಳೆಯುವಾಗ ಉಷ್ಣತೆ ಬರೆದುಕೊಳ್ಳಿ. 20 ಡಿಗ್ರಿ ವ್ಯತ್ಯಾಸಕ್ಕೆ 7 ಮೀ. ಟೇಪು 1.6 ಮಿ.ಮೀ. ಹಿಗ್ಗುತ್ತದೆ, ಅದು ಮೀಟರಿಗೆ 0.23 ಮಿ.ಮೀ. ಸುಳ್ಳು ಸ್ಟ್ರೇನ್. ಲೆಕ್ಕದಲ್ಲಿ ಬಂದ 1.7ಕ್ಕೆ ಎಚ್ಚರಿಕೆ ಮಟ್ಟ 1.0, ಕೆಲಸ ನಿಧಾನಿಸಿ ವಿನ್ಯಾಸ ಮರುಪರಿಶೀಲಿಸುವ ಮಟ್ಟ 1.5 ಎಂದು ಮೊದಲೇ ಬರೆದಿಡಿ. ಫೇಸ್ ಊರಿನ ಕೆಳಗಿರುವಾಗ ದಿನಕ್ಕೊಮ್ಮೆ, ದಾಟಿದ ಮೇಲೆ ವಾರಕ್ಕೊಮ್ಮೆ, ಆಮೇಲೆ ತಿಂಗಳಿಗೊಮ್ಮೆ.

ಉಪಗ್ರಹ ರಾಡಾರ್ ಉಳಿಕೆ ಕುಸಿತಕ್ಕೆ (ಫೇಸ್ ದಾಟಿದ ಮೇಲೂ ನಿಧಾನವಾಗಿ ಕೂರುವುದಕ್ಕೆ) ಚೆನ್ನಾಗಿದೆ. 2014ರಿಂದ ಇರುವ ಸೆಂಟಿನೆಲ್-1 ಉಪಗ್ರಹದ ರಾಡಾರ್ ಅಲೆಯುದ್ದ 5.6 ಸೆಂ.ಮೀ., ಅದರ ಚಿತ್ರದಲ್ಲಿ ಒಂದು ಬಣ್ಣದ ಪಟ್ಟಿ ಎಂದರೆ 2.8 ಸೆಂ.ಮೀ. ಚಲನೆ. ನಿಧಾನ ಚಲನೆಯನ್ನು ಚೆನ್ನಾಗಿ ಹಿಡಿಯುತ್ತದೆ. ಬೇಗ, ಕಡಿದಾಗಿ ಕೂತರೆ ಪಟ್ಟಿಗಳು ಒಂದರ ಮೇಲೊಂದು ಬಿದ್ದು ಓದಲಾಗದು; ಹಸಿರು ದಟ್ಟವಾಗಿದ್ದರೆ ಇನ್ನೂ ಕಷ್ಟ. ಗುಂಡಿ ಬೀಳುವುದನ್ನು ಅದು ಮೊದಲೇ ಹೇಳುತ್ತದೆ ಎಂದು ನಂಬಬೇಡಿ.

ಪೈಪಿನ ಬಗ್ಗೆ: 6 ಮೀ. ಉದ್ದದ ತುಂಡುಗಳಾದರೆ 1.7ರ ಎಳೆತದಲ್ಲಿ ಪ್ರತಿ ಜೋಡಣೆ 10 ಮಿ.ಮೀ. ಬಿಡುತ್ತದೆ. ಸೀಸ ತುಂಬಿದ ಬಿಗಿ ಜೋಡಣೆ ಅಷ್ಟನ್ನು ತಾಳುವುದಿಲ್ಲ, ಸೋರುತ್ತದೆ. ಸೋರಿದ ನೀರು ಹಳೇ ಗ್ಯಾಲರಿಗೆ ಮಣ್ಣು ಕೊಚ್ಚಿ ಗುಂಡಿ ಮಾಡುತ್ತದೆ, ಅದಕ್ಕೇ ಇದನ್ನು ಮೊದಲು ಬದಲಿಸಿ. ಬೆಸುಗೆ ಹಾಕಿದ ಪಾಲಿಎಥಿಲೀನ್ ಪೈಪನ್ನು ಮರಳಿನ ಹಾಸಿನಲ್ಲಿ, ಸ್ವಲ್ಪ ಸಡಿಲವಾಗಿ ಹಾವಿನಂತೆ ಬಳುಕಿಸಿ ಹಾಕಿ. ಎರಡೂ ತುದಿಗೆ ವಾಲ್ವ್ ಇರಲಿ.

ಅದುಮಿಕೆ ಬರುವ ಕಡೆ ಮನೆಗಳ ಸುತ್ತ ಕಂದಕ ತೋಡುವುದು ಹಳೇ ಉಪಾಯ: ಗೋಡೆಯಿಂದ ಒಂದು ಮೀಟರ್ ಆಚೆ, ಅರ್ಧ ಮೀಟರ್ ಅಗಲ, ಪಾಯಕ್ಕಿಂತ ಸ್ವಲ್ಪ ಆಳ. ಸುಲಭವಾಗಿ ಅದುಮುವ ವಸ್ತು ತುಂಬಿ ಮೇಲೆ ಮುಚ್ಚಿ. ಮರಳು, ಜಲ್ಲಿ ತುಂಬಿದರೆ ಒತ್ತಡ ನೇರ ಪಾಯಕ್ಕೆ ಹೋಗುತ್ತದೆ, ಕಂದಕ ತೋಡಿದ್ದೇ ದಂಡ. ಮಳೆನೀರು ಅದರಲ್ಲಿ ನಿಲ್ಲಬಾರದು. ಎಳೆತಕ್ಕೆ ಇದರಿಂದ ಏನೂ ಉಪಯೋಗವಿಲ್ಲ. ಉದ್ದದ ಕಟ್ಟಡಗಳಿದ್ದರೆ ತುಂಡು ಮಾಡಿ ಸಂದು ಬಿಡುವುದೇ ದಾರಿ, 15–20 ಮೀಟರಿಗೆ ಒಂದು, ಪಾಯದಿಂದ ಚಾವಣಿವರೆಗೆ ಪೂರ್ತಿ.

ಕೆರೆಯನ್ನು ಫೇಸ್ ಹಾಯುವ ಮುನ್ನ ತಗ್ಗಿಸಿ. ತಳದಲ್ಲಿ ಬಿರುಕು ಕಂಡರೆ ಜೇಡಿ ಅಗೆದು ಹದ ಮಾಡಿ ಮತ್ತೆ ತುಳಿಸಿ ಮುಚ್ಚಬೇಕು. ಮೇಲಿನಿಂದ ಸಿಮೆಂಟ್ ಸುರಿದರೆ ಮುಂದಿನ ಚಲನೆಗೆ ಅದೇ ಮೊದಲು ಒಡೆಯುತ್ತದೆ. 0.36 ಮೀ. ಕೂತರೂ ಒಂದು ದಂಡೆ ತಗ್ಗಿ ಕೋಡಿಯ ಮಟ್ಟ ಬದಲಾಗಿರುತ್ತದೆ. ನೀರು ಮತ್ತೆ ತುಂಬುವ ಮೊದಲು ದಂಡೆ, ಕೋಡಿ, ರಸ್ತೆ ಬದಿಯ ಚರಂಡಿಗಳ ಮಟ್ಟವನ್ನೆಲ್ಲ ಹೊಸದಾಗಿ ತೆಗೆದುಕೊಳ್ಳಿ.

---

ಗಣಿಯಂಚು

ಪೈಪು ಮೊದಲು, ಆಮೇಲೆ ನೀರಿನ ಮಟ್ಟ ನೋಡುವ ಬೋರುಗಳು, ಆಮೇಲೆ 6 ಮೀ. ಜಾಲ. ಈ ಕ್ರಮದಲ್ಲಿ ಹೊಸ ಪ್ರಸ್ತಾವ ಬರೆಯುತ್ತೇನೆ. ಕೇವಿಂಗ್ ಕೈಬಿಟ್ಟು, ಮನೆಗಳ ಕೆಳಗೆ 35–35 ಪಟ್ಟಿ ಇಡುತ್ತೇನೆ. ಸೀಮಿನ ಕೆಳಗಿನ ಶೇಲ್ ಕೋರನ್ನು ನೆನೆಸಿ ಪರೀಕ್ಷೆಗೆ ಕಳಿಸಬೇಕು. ಎಷ್ಟು ದಿನ ನೆನೆಸುವುದು ಸರಿ?

---

ತಳಪಾಯ

ದಿನದ ಲೆಕ್ಕ ಬೇಡ. ತುಂಡನ್ನು ನೀರಿನಲ್ಲಿಟ್ಟು ತೂಕ ಏರುವುದು ನಿಲ್ಲುವವರೆಗೆ ಬಿಡಿ. ಅಷ್ಟರೊಳಗೆ ಕರಗಿ ಕೆಸರಾದರೆ ಬಲ ಪರೀಕ್ಷೆಯ ಅಗತ್ಯವೇ ಇಲ್ಲ, ಉತ್ತರ ಸಿಕ್ಕಿತು: ಕಂಬದ ಅಗಲ ಹೆಚ್ಚಿಸಿ, ಗ್ಯಾಲರಿಯ ನೆಲದಲ್ಲಿ 20–30 ಸೆಂ.ಮೀ. ಕಲ್ಲಿದ್ದಲನ್ನು ತೆಗೆಯದೆ ಹೊದಿಕೆಯಾಗಿ ಬಿಡಿ. ಮತ್ತು ಕೋರನ್ನು ಪೆಟ್ಟಿಗೆಯಲ್ಲಿ ಒಣಗಲು ಬಿಡದೆ, ತೆಗೆದ ಕೂಡಲೇ ಮೇಣ ಸುತ್ತಿ ಕಳಿಸಿ. ಒಮ್ಮೆ ಒಣಗಿ ಆಮೇಲೆ ನೆನೆದ ಶೇಲ್ ಇರುವುದಕ್ಕಿಂತ ಕೆಟ್ಟದಾಗಿ ಕಾಣುತ್ತದೆ.